ಖಾಲಾ ಗುಲಾಬಿಗೆ ಎರಡು ಹಿಡಿ ಯೂರಿಯಾ

ನಾನು ಶಿವಮೊಗ್ಗದ ಒಂದು ಗೊಬ್ಬರದ ಅಂಗಡಿಯಲ್ಲಿ ಸಂಬಳಕ್ಕಿದ್ದೇನೆ. ಭದ್ರಾವತಿ ಕಡೆಯ ರೈತರಿಗೆ ಯಾವ ಗಿಡಕ್ಕೆ ಏನು ಹಾಕಬೇಕೆಂದು ಹೇಳಿಕೊಂಡು ಬೈಕಿನಲ್ಲಿ ತಿರುಗುವುದು ನನ್ನ ಕೆಲಸ. ಹೊಸಮನೆ ಬಡಾವಣೆಯ ನನ್ನ ಬಾಡಿಗೆ ಕೋಣೆಯ ತಾರಸಿಯಲ್ಲಿ ತುಳಸಿಯೂ ಬದುಕಲಿಲ್ಲ ಎಂಬುದನ್ನು ಮಾತ್ರ ಅವರಿಗೆ ಹೇಳುವುದಿಲ್ಲ. ಹೆಸರು ಪರಶುರಾಮ. ಪುರಾಣದವನಿಗೆ ಕೊಡಲಿ ಬೇಕಾಗಿತ್ತು; ನನಗೆ ಎರಡು ಹಿಡಿ ಯೂರಿಯಾ ಸಾಕಾಯಿತು.

ನಾನು ಕೊಂದದ್ದು ಅಮೀರುನ್ನೀಸಾ ಖಾಲಾ ಅವರ ಪನ್ನೀರು ಗುಲಾಬಿಯನ್ನು.

ಖಾಲಾಗೆ, ಎಂದರೆ ಬೀದಿಗೆಲ್ಲ ಚಿಕ್ಕಮ್ಮನಾದವರಿಗೆ, ಎಪ್ಪತ್ತರ ಹತ್ತಿರ. ಭದ್ರಾವತಿಯ ಓಲ್ಡ್ ಟೌನ್‌ನಲ್ಲಿ ಅವರ ಮಗ ಮೊಹ್ಸಿನ್‌ನ ಗ್ಯಾರೇಜು, ಅದರ ಹಿಂದೆ ಮನೆ, ನಡುವೆ ಬಚ್ಚಲಿನಷ್ಟು ಅಂಗಳ. ನನ್ನ ಬೈಕು ತಿಂಗಳಿಗೊಮ್ಮೆ ಅಲ್ಲಿ ಅಡ್ಮಿಟ್ ಆಗುತ್ತದೆ. ಅದು ಡಿಸ್ಚಾರ್ಜ್ ಆಗುವವರೆಗೆ ಖಾಲಾ ನನಗೆ ಚಹಾ ಕೊಟ್ಟು ಬೈಯುತ್ತಾರೆ. ಇನ್ನೂ ಮದುವೆಯಾಗಿಲ್ಲವೆಂದು ಒಂದು ಬೈಗುಳ, ಆಗುವ ಲಕ್ಷಣವೇ ಇಲ್ಲವೆಂದು ಇನ್ನೊಂದು. ‘ಹೌಲೇ’ ಎಂದರೆ ದಡ್ಡ. ಆ ಮನೆಯಲ್ಲಿ ಅದು ನನ್ನ ಎರಡನೆಯ ಹೆಸರು.

ಹದಿನೇಳನೆಯ ವಯಸ್ಸಿನಲ್ಲಿ ಖಾಲಾ ತರೀಕೆರೆಯಿಂದ ಸೊಸೆಯಾಗಿ ಬಂದಾಗ ತೊಡೆಯ ಮೇಲೆ ಒಂದು ತುಪ್ಪದ ಡಬ್ಬವಿತ್ತಂತೆ. ಒಳಗೆ ಮಣ್ಣು, ಮಣ್ಣಿನಲ್ಲಿ ಬೇರು ಬಿಟ್ಟ ಗುಲಾಬಿ ಕಡ್ಡಿ. ತಾಯಿ ಕೊಟ್ಟದ್ದು. ಗಂಡ ಅಬ್ಬಾಸ್ ಅಲಿ ಲಾರಿ ಡ್ರೈವರ್.

“ತುಪ್ಪ ತಂದಿದ್ದಾಳೆ ಅಂದ್ಕೊಂಡು ಓಡಿ ಬಂದ ಮಾರಾಯ. ಮಣ್ಣು ನೋಡಿ ಮುಖ ಸಣ್ಣ ಮಾಡ್ಕೊಂಡ. ಆಮೇಲೆ ನನ್ನ ಮುಖ ನೋಡಿ ಇನ್ನೂ ಸಣ್ಣ ಮಾಡ್ಕೊಂಡ,” ಎನ್ನುತ್ತಾರೆ ಖಾಲಾ.

ಗಂಡ ಹೋಗಿ ಹನ್ನೆರಡು ವರ್ಷವಾಯಿತು, ಗಿಡ ಉಳಿದಿತ್ತು. ಏಪ್ರಿಲ್‌ನಲ್ಲಿ ಗ್ಯಾರೇಜಿನ ತಗಡು ಕಾವಲಿಯಂತೆ ಕಾಯುವಾಗಲೂ ಅದಕ್ಕೆ ಏನೂ ಅನ್ನಿಸುತ್ತಿರಲಿಲ್ಲ. ಅಕ್ಕಿ ತೊಳೆದ ನೀರು, ಮಟನ್ ತೊಳೆದ ನೀರು, ಚಹಾದ ಚರಟ: ಇಷ್ಟೇ ಊಟ. ಅದರ ಹೂ ಅಂಗಡಿಯ ಗುಲಾಬಿಯ ಹಾಗೆ ಸೆಟೆದು ನಿಲ್ಲುತ್ತಿರಲಿಲ್ಲ. ಈಗಷ್ಟೇ ಹಾಸಿಗೆಯಿಂದ ಎದ್ದವರ ತಲೆಯಂತೆ ಕೆದರಿಕೊಂಡಿರುತ್ತಿತ್ತು. ಆದರೆ ಅದರ ಪರಿಮಳದ ಮುಂದೆ ಗ್ರೀಸು, ಡೀಸೆಲ್ಲು ಬಾಯಿ ಮುಚ್ಚಿಕೊಳ್ಳುತ್ತಿದ್ದವು. ಎಸಳಿಗೆ ಕಲ್ಲುಸಕ್ಕರೆ ಬೆರೆಸಿ ಬಿಸಿಲಿಗಿಟ್ಟು ಖಾಲಾ ಮಾಡುವ ಗುಲ್ಕಂದ್‌ಗೆ ಬೀದಿಯ ಹೊಟ್ಟೆಗಳೆಲ್ಲ ಋಣಿ.

ಕಡ್ಡಿಯನ್ನು ಮಾತ್ರ ಯಾರಿಗೂ ಕೊಡುತ್ತಿರಲಿಲ್ಲ. ಮದುವೆಯಾಗಿ ಹೊರಡುವ ಮನೆಮಗಳ ಕೈಗೆ ಒಂದು ಡಬ್ಬ, ಅಷ್ಟೇ. ಮಗಳು ಮುಬೀನಾ ಒಯ್ದ ಗಿಡ ದಾವಣಗೆರೆಯಲ್ಲಿ ಕಾರ್ ಪಾರ್ಕಿಂಗ್ ಅಡಿ ಸೇರಿತು. ಮುಂದಿನ ಸರದಿ ಮೊಹ್ಸಿನ್‌ನ ಮಗಳು ಅತೀಕಾಳದ್ದು. ಡಿಸೆಂಬರ್‌ಗೆ ಮದುವೆ ಗೊತ್ತಾಗಿತ್ತು.

ಕಳೆದ ಏಪ್ರಿಲ್‌ನ ಒಂದು ಮಧ್ಯಾಹ್ನ ಗಿಡದ ನಾಲ್ಕು ಎಲೆ ಹಳದಿಯಾದದ್ದು ನನಗೆ ಕಂಡಿತು. ಖಾಲಾ ಒಳಗೆ ನಮಾಜಿನಲ್ಲಿದ್ದರು. ತಜ್ಞನ ಕೈ ಸುಮ್ಮನಿರುತ್ತದೆಯೇ? ಬ್ಯಾಗಿನಿಂದ ಎರಡು ಹಿಡಿ ಯೂರಿಯಾ ತೆಗೆದು ಒಣಗಿದ ಬುಡಕ್ಕೆ ಸುರಿದೆ. ಹತ್ತು ದಿನಕ್ಕೆ ಗಿಡ ಸೌದೆಯಾಯಿತು.

“ಏನು ಹಾಕ್ದೆ?”

“ಸ್ವಲ್ಪ ಯೂರಿಯಾ, ಖಾಲಾ. ಹೂ ಜಾಸ್ತಿ ಬರ್ಲಿ ಅಂತ.”

“ಐವತ್ತು ವರ್ಷದಿಂದ ಹೂ ಕಮ್ಮಿ ಅಂತ ನಾನು ನಿಂಗೆ ಕಂಪ್ಲೇಂಟ್ ಕೊಟ್ಟಿದ್ನಾ, ಹೌಲೇ?”

ಆಮೇಲೆ ಮೆಲ್ಲಗೆ ಕೇಳಿದರು: “ಅತೀಕಾ ಕೈಗೆ ಈಗ ಏನು ಕೊಡ್ಲಿ?”

ಆ ದಿನ ಚಹಾ ಬಂತು, ಬೈಗುಳ ಬರಲಿಲ್ಲ. ನನಗೆ ತಡೆಯಲಾಗದ್ದು ಅದೇ.

ಮಳೆಗಾಲವಿಡೀ ನರ್ಸರಿಗಳನ್ನು ಸುತ್ತಿ ‘ಪನ್ನೀರು’ ಎಂದು ಚೀಟಿ ಕಟ್ಟಿದ ಮೂರು ಗಿಡ ತಂದುಕೊಟ್ಟೆ. ಖಾಲಾ ಮೂಸಿ ತೀರ್ಪು ಕೊಟ್ಟರು. ಮೊದಲನೆಯದು ಪ್ಲಾಸ್ಟಿಕ್. ಎರಡನೆಯದು ಸೋಪು. ಮೂರನೆಯದಕ್ಕೆ, “ವಾಸನೆ ಇದೆ. ಆದ್ರೆ ಹೂವಿಂದಲ್ಲ, ಮಾರಿದವನ ಸೆಂಟು.”

ಇತ್ತ ನನ್ನ ತಾರಸಿಯಲ್ಲೂ ಒಂದು ಗುಲಾಬಿ ಇತ್ತು, ಖಾಲಾಗೆ ಹೇಳಿಕೊಳ್ಳುವಂಥದ್ದಲ್ಲ. ಅದರ ಹಿಂದಿನ ವರ್ಷ, ಹೂಕೋಸಿನಷ್ಟು ದೊಡ್ಡ ಕೆಂಪು ಹೂವಿನ ಫೋಟೊ ನೋಡಿ ತಂದ ಕಸಿ ಗಿಡ. ನಲವತ್ತೇ ದಿನಕ್ಕೆ ಕಸಿಯ ಭಾಗ ಒಣಗಿತು. ಪಟ್ಟಿ ಕಟ್ಟಿದ ಜಾಗದ ಕೆಳಗಿನಿಂದ ಬೇರೆಯದೇ ಚಿಗುರು ಬಂತು. ಕೆಳಗಿನ ಚಿಗುರನ್ನು ಕಂಡ ಕೂಡಲೇ ಕತ್ತರಿಸಬೇಕೆಂದು ನರ್ಸರಿಯವನು ಹೇಳಿದ್ದ. ನಾನೂ ರೈತರಿಗೆ ಅದನ್ನೇ ಹೇಳುತ್ತೇನೆ. ಪ್ರತಿ ಭಾನುವಾರ ಕತ್ತರಿಸಬೇಕೆಂದುಕೊಂಡು ಮಲಗುತ್ತಿದ್ದೆ. ಮುಳ್ಳಿನ ಕೊಂಬೆಗಳು ನೀರಿನ ಟ್ಯಾಂಕಿನವರೆಗೂ ಹೋದವು.

ಅಕ್ಟೋಬರ್‌ನ ಒಂದು ಬೆಳಿಗ್ಗೆ ಒಣಹಾಕಿದ ಅಂಗಿ ಆ ಮುಳ್ಳಿಗೆ ಸಿಕ್ಕಿಕೊಂಡಿತು. ಬಿಡಿಸುತ್ತಿದ್ದಾಗ ಪರಿಮಳ ಬಂತು. ಖಾಲಾ ಬಂದರೇನೋ ಎಂದು, ಬೈಸಿಕೊಳ್ಳಲು ಸಿದ್ಧನಾಗಿಯೇ ಹಿಂತಿರುಗಿ ನೋಡಿದೆ. ಯಾರೂ ಇಲ್ಲ. ಟ್ಯಾಂಕಿನ ಮಗ್ಗುಲಲ್ಲಿ ತಲೆ ಕೆದರಿದ ಎರಡು ತಿಳಿಗುಲಾಬಿ ಹೂ.

ನರ್ಸರಿಗೆ ಫೋನ್ ಮಾಡಿದೆ. “ಅದು ಕೆಳಗಿನ ನಾಟಿ ಗುಲಾಬಿ ಸಾರ್. ಬಿಸಿಲಿಗೆ ಗಟ್ಟಿ ಅಂತ ಅದರ ಮೇಲೆ ಕಸಿ ಕಟ್ತೀವಿ. ನೀವಿನ್ನೂ ಕತ್ತರಿಸಿಲ್ವಾ?” ಎಂದ. ನನ್ನ ಸೋಮಾರಿತನಕ್ಕೆ ಮೊದಲ ಬಾರಿ ಕೈಮುಗಿದೆ.

ಹೂಗಳನ್ನು ಟಿಫಿನ್ ಬಾಕ್ಸಿನಲ್ಲಿಟ್ಟು ಓಲ್ಡ್ ಟೌನ್‌ಗೆ ಒಯ್ದೆ. ಖಾಲಾ ಮೂಸಿದರು. ಮತ್ತೆ ಮೂಸಿದರು. ಒಂದು ಎಸಳನ್ನು ಬಾಯಿಗೆ ಹಾಕಿ ಅಗಿದರು.

“ನಮ್ಮದಲ್ಲ.”

ನಾನು ಟಿಫಿನ್ ಬಾಕ್ಸಿನ ಮುಚ್ಚಳ ಹಾಕತೊಡಗಿದೆ.

“ನಮ್ಮದರ ಅಕ್ಕನ ಮಗಳು,” ಎಂದು ಚಪ್ಪಲಿ ಮೆಟ್ಟಿದರು. “ಮೊಹ್ಸಿನ್, ಗಾಡಿ ತೆಗಿ. ಇವನ ಕೈಗೆ ಕತ್ತರಿ ಕೊಡಕ್ಕಾಗಲ್ಲ.”

ನನ್ನ ತಾರಸಿಯ ಎರಡು ಮಹಡಿ ಮೆಟ್ಟಿಲನ್ನು ನನ್ನ ವಂಶವನ್ನು ಬೈಯುತ್ತಲೇ ಹತ್ತಿದರು. ನನಗೆ ಹಾಯೆನಿಸಿತು. ಪೆನ್ಸಿಲ್ ದಪ್ಪದ ಐದು ಕಡ್ಡಿಯನ್ನು ಓರೆಯಾಗಿ ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಮಗುವಿನಂತೆ ಸುತ್ತಿಕೊಂಡರು. ನಾನು ಬೇರು ಬರಿಸುವ ಪುಡಿಯ ಪ್ಯಾಕೆಟ್ ಹಿಡಿದು ಹತ್ತಿರ ಹೋದೆ.

“ನಕ್ಕೋ, ಬೇಡ! ಉಳಿದ ಗಿಡಕ್ಕೆ ನೀರು ಹಾಕು ಸಾಕು. ಬುದ್ಧಿ ಹಾಕಬೇಡ.”

ಐದರಲ್ಲಿ ಎರಡು ಬೇರು ಬಿಟ್ಟವು. ಡಿಸೆಂಬರ್‌ನಲ್ಲಿ ಅತೀಕಾ ಕಾರು ಹತ್ತಿದಾಗ ಅವಳ ತೊಡೆಯ ಮೇಲೆ ತುಪ್ಪದ ಡಬ್ಬ. ನಾನು ಹತ್ತು ಅಡಿ ದೂರದಲ್ಲಿ ನಿಂತಿದ್ದೆ. ಅದಕ್ಕಿಂತ ಹತ್ತಿರ ಬರಕೂಡದೆಂದು ಅಪ್ಪಣೆಯಾಗಿತ್ತು. ಮದುಮಗ ಆಸೆಯಿಂದ ಡಬ್ಬದೊಳಗೆ ಇಣುಕಿದ.

“ಮಣ್ಣು,” ಎಂದಳು ಅತೀಕಾ.

ಖಾಲಾ ಸೆರಗಿನಿಂದ ಕಣ್ಣೊರೆಸಿಕೊಂಡು ಮೊಹ್ಸಿನ್‌ನ ಪಕ್ಕೆಗೆ ತಿವಿದರು. “ನೋಡೋ, ಮುಖ ಸಣ್ಣ ಮಾಡ್ಕೊಂಡ. ಒಳ್ಳೆ ಸಂಬಂಧ. ಬಾಳ್ತಾರೆ.”