ಎಂಜಿನ್ನಿನಲ್ಲಿ ಸಾಸಿವೆ ಸಿಡಿದಾಗ

ನನ್ನ ಕಿವಿಯ ಬಗ್ಗೆ ನನಗಿದ್ದ ಜಂಬ ಅಷ್ಟಿಷ್ಟಲ್ಲ. ಇಬ್ರಾಹಿಂಪಟ್ನಂ ಕಡೆಯ ವಿದ್ಯುತ್ ಸ್ಥಾವರದಲ್ಲಿ, ಟರ್ಬೈನುಗಳ ಮಗ್ಗುಲಲ್ಲೇ ಮೂವತ್ತು ವರ್ಷ ಸವೆಸಿದವನು ನಾನು. ಬೇರಿಂಗಿನ ಮೇಲೆ ಸ್ಕ್ರೂಡ್ರೈವರಿನ ತುದಿ ಇಟ್ಟು, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ ಕಣ್ಣು ಮುಚ್ಚಿದರೆ ಸಾಕು, ಒಳಗಿನ ಕಾಯಿಲೆ ಹೇಳಿಬಿಡುತ್ತಿದ್ದೆ. ಮೀಟರುಗಳು ಬಂದ ಮೇಲೂ ಕಿರಿಯ ಎಂಜಿನಿಯರುಗಳು ಕೊನೆಯ ಮಾತಿಗೆ ನನ್ನನ್ನೇ ಕರೆಯುತ್ತಿದ್ದರು. ಕಿವಿಗೆ ಪ್ಲಗ್ ಹಾಕಿಕೊಳ್ಳಿ ಎಂದವರಿಗೆ ನಗುತ್ತಿದ್ದೆ. ಕೈಗವಸು ತೊಟ್ಟು ಯಾರಾದರೂ ಅನ್ನ ಕಲಸುತ್ತಾರೆಯೇ? ವರ್ಷಕ್ಕೊಮ್ಮೆ ಕಿವಿ ಪರೀಕ್ಷೆ ಇರುತ್ತಿತ್ತು; ಸದ್ದು ಕೇಳಿದೊಡನೆ ಗುಂಡಿ ಒತ್ತಬೇಕು. ಗಾಜಿನಾಚೆ ಕೂತವನ ಬೆರಳು ಆಡಿದ್ದು ನೋಡಿಕೊಂಡು ಗುಂಡಿ ಒತ್ತಿ ಪಾಸಾಗುತ್ತಿದ್ದೆ. ಕಳ್ಳತನ ಅಂತ ಅನ್ನಿಸಲೇ ಇಲ್ಲ, ನೋಡಿ.

ನನ್ನ ಹಳೆಯ ಪೆಟ್ರೋಲ್ ಕಾರು ಮಗಳ ಪಾಲಾಗಿತ್ತು. ಅವಳಿಗೆ ವಿಶಾಖಪಟ್ಟಣದಲ್ಲಿ ಕೆಲಸ. ರಜೆಗೆ ವಿಜಯವಾಡಕ್ಕೆ ಬಂದರೆ ಆಟೋನಗರದ ಮೆಕ್ಯಾನಿಕ್ಕಿನ ಶೆಡ್ಡಿನಲ್ಲೇ ವಾಸ. ಇಬ್ಬರೂ ಸೇರಿ ಹೊಸ ಪಿಸ್ಟನ್ ಹಾಕಿ, ಸಿಲಿಂಡರಿನ ಮುಚ್ಚಳವಾದ ಹೆಡ್ಡನ್ನು ತುಸು ಉಜ್ಜಿಸಿ ತೆಳುವಾಗಿಸಿ, ಕಂಪ್ರೆಶನ್ ಏರಿಸಿದರು. ಒಳಗೆ ಒತ್ತಡ ಹೆಚ್ಚಿದಷ್ಟೂ ಎಳೆತ ಹೆಚ್ಚು. ಅತಿಯಾದರೆ ಮಾತ್ರ ಕಿಡಿ ಹಚ್ಚಿದ ಬೆಂಕಿ ತಲುಪುವ ಮುಂಚೆಯೇ ಉಳಿದ ಪೆಟ್ರೋಲು ತಾನಾಗಿ ಹೊತ್ತಿಕೊಂಡು ಪಿಸ್ಟನ್ನನ್ನು ಬಡಿಯುತ್ತದೆ. ಅದೇ ನಾಕಿಂಗ್. ಅಲಕ್ಷ್ಯ ಮಾಡಿದರೆ ಎಂಜಿನ್ ನಡುದಾರಿಯಲ್ಲಿ ಕೈಕೊಡುತ್ತದೆ. ಕೆಲಸ ಮುಗಿದ ಮರುದಿನವೇ ಮಗಳು ಅದೇ ಕಾರಿನಲ್ಲಿ ಒಬ್ಬಳೇ ಹೊರಡುವವಳಿದ್ದಳು.

ಹೊರಡುವ ಮುನ್ನ ನನ್ನ ಕಿವಿ ಬೇಕಾಯಿತು. ಬೆಂಜ್ ಸರ್ಕಲ್ಲಿನ ಫ್ಲೈಓವರ್ ಏರಿಸುತ್ತಾ ಮಗಳು ಕೇಳಿದಳು, “ಅಪ್ಪ, ಏರಿನಲ್ಲಿ ಸಣ್ಣಗೆ ಏನೋ ಟಿಣ್ ಟಿಣ್ ಅಂತಿದೆ. ನಿನಗೆ ಕೇಳಿಸ್ತಾ?”

ಹಿಂದಿನ ಸೀಟಿನಿಂದ ನನ್ನ ಹೆಂಡತಿ ಬಾಯಿ ಹಾಕಿದಳು. “ಹೌದು ಕಣ್ರೀ, ಒಗ್ಗರಣೇಲಿ ಸಾಸಿವೆ ಸಿಡಿದ ಹಾಗೆ.”

“ನಿನಗೆ ಎಲ್ಲದರಲ್ಲೂ ಅಡುಗೆಮನೇನೇ ಕಾಣುತ್ತೆ.”

“ಹಿತ್ತಲ ಗಿಡ ಮದ್ದಲ್ಲ, ಬಿಡಿ,” ಎಂದು ಅವಳು ಕಿಟಕಿಯ ಕಡೆ ತಿರುಗಿಕೊಂಡಳು.

ಶೆಡ್ಡಿಗೆ ಬಂದಾಗ ಮೆಕ್ಯಾನಿಕ್ ತಲೆ ಕೆರೆದುಕೊಂಡು, “ಟೈಮಿಂಗ್ ಕೊಂಚೆಂ ತಗ್ಗಿದ್ದಾಮಾ ಸಾರ್?” ಎಂದ, ಸ್ವಲ್ಪ ತಗ್ಗಿಸೋಣವೇ ಅಂತ. ಕಿಡಿ ಒಂದಿಷ್ಟು ತಡವಾಗಿ ಹಾರುವಂತೆ ಮಾಡಿದರೆ ಬಡಿತ ನಿಲ್ಲುತ್ತದೆ, ಕಾರಿನ ಚುರುಕು ತುಸು ತಗ್ಗುತ್ತದೆ, ಅಷ್ಟೇ. ಹತ್ತು ನಿಮಿಷದ ಕೆಲಸ. ನಾನು ಸ್ಕ್ರೂಡ್ರೈವರ್ ಇಸಿದುಕೊಂಡು, ಆಕ್ಸಿಲರೇಟರ್ ಒತ್ತಿಸಿ, ಕಣ್ಣು ಮುಚ್ಚಿದೆ. ತಳದ ಗುಡುಗುಡು ಸಮವಾಗಿತ್ತು. ಬೇರಿಂಗ್ ಭೇಷ್. “ಏನೂ ಇಲ್ಲ. ಮುಟ್ಟಬೇಡ,” ಎಂದೆ. ಮಗಳು ನನ್ನ ಮುಖ ನೋಡಿದಳು. “ನೀನು ಹೇಳಿದ್ರೆ ಸರಿ, ಅಪ್ಪ,” ಎಂದಳು.

ಮರುದಿನ ಮಧ್ಯಾಹ್ನ ಫೋನು. ಭಯವಾದಾಗ ಅವಳ ಬಾಯಿಗೆ ತೆಲುಗೇ ಬರುವುದು. “ಕಾರ್ ಆಗಿಪೋಯಿಂದಿ, ನಾನ್ನಾ.” ಕಾರು ನಿಂತೇಹೋಯಿತು, ಅಪ್ಪ ಅಂತ. ಅನ್ನವರಂ ದಾಟಿದ ಮೇಲೆ ಒಂದು ಏರಿನಲ್ಲಿ ಎಂಜಿನ್ ಹೊಗೆ ಕಾರಿ ನಿಂತಿತ್ತಂತೆ. ಹಿಂದಿದ್ದ ಲಾರಿ ಕೂದಲೆಳೆಯಲ್ಲಿ ತಪ್ಪಿಸಿಕೊಂಡು ಹೋಗಿತ್ತಂತೆ.

ರೈಲು ಹತ್ತಿ ವಿಶಾಖಪಟ್ಟಣಕ್ಕೆ ಹೋದೆ. ಅಲ್ಲಿನ ಗ್ಯಾರೇಜಿನವನು ಹೆಡ್ ಬಿಚ್ಚಿ ಪಿಸ್ಟನ್ ತೋರಿಸಿದ. ಅಂಚು ಇಲಿ ಕಡಿದ ಹಾಗಿತ್ತು. ನಾಕಿಂಗ್ ಆಗಿ ಆಗಿ ಹೀಗಾಗಿದೆ, ಅಷ್ಟು ಹೊತ್ತು ಬಡಿದುಕೊಂಡರೂ ಯಾರಿಗೂ ಕೇಳಿಸಲಿಲ್ಲವೇ ಎಂದು ಕೇಳಿದ. ನಾನು ಪಿಸ್ಟನ್ನನ್ನೇ ತಿರುಗಿಸುತ್ತಾ ನಿಂತೆ. “ನಾನೇ ಜಾಸ್ತಿ ಒತ್ತಿಬಿಟ್ಟೆ,” ಎಂದಳು ಮಗಳು. ನನ್ನ ಮಾನ ಉಳಿಸಲು ಹೇಳಿದ ಸುಳ್ಳು ಅದು. ನಾನು ಅದನ್ನು ಹಾಗೇ ಬಿಟ್ಟೆ. ಅದಕ್ಕೇ ನನಗೆ ಇವತ್ತಿಗೂ ನಾಚಿಕೆ.

ಸೋತು ಸುಣ್ಣವಾಗಿ ಮನೆಗೆ ಬಂದು, ನೀರು ಕುಡಿಯಲು ಅಡುಗೆಮನೆಗೆ ಹೋದೆ. ಹೆಂಡತಿ ಸಾರಿಗೆ ಒಗ್ಗರಣೆ ಇಟ್ಟಿದ್ದಳು. ಎಣ್ಣೆಯಲ್ಲಿ ಸಾಸಿವೆ ಕುಪ್ಪಳಿಸುತ್ತಿತ್ತು. ಒಂದು ಕಾಳು ಹಾರಿ ನನ್ನ ಕೈಗೆ ಬಡಿದು ಚುರ್ ಎಂದಿತು. ಬಗ್ಗಿ ನೋಡಿದೆ. ಕಾಳುಗಳು ಸಿಡಿಯುವುದು ಕಾಣುತ್ತಿತ್ತು. ಸದ್ದೇ ಇಲ್ಲ.

“ಇದು ಸಿಡೀತಿದೆಯೇನೇ?”

ಅವಳು ಒಲೆ ಆರಿಸಿದಳು. “ಎರಡು ವರ್ಷದಿಂದ ಬಾಗಿಲ ಬೆಲ್ಲಿಗೆ ನಾನೊಬ್ಬಳೇ ಏಳ್ತಿರೋದು. ಹೇಳಿದ್ರೆ ಜಗಳಕ್ಕೆ ಬರ್ತೀರ.”

ಅಲ್ಲೇ ನಿಂತು ಮಗಳಿಗೆ ಫೋನು ಮಾಡಿದೆ. “ಆವತ್ತು ಸದ್ದು ಇತ್ತಮ್ಮ. ನನಗೆ ಕೇಳಿಸಲಿಲ್ಲ,” ಎಂದೆ. ಆ ಕಡೆಯಿಂದ ಅವಳು ಮೆಲ್ಲಗೆ ಏನೋ ಹೇಳಿದಳು. ಎಂದಿನಂತೆ ಹೂಂ ಎನ್ನಲು ಬಾಯಿ ತೆರೆದವನು ತಡೆದುಕೊಂಡೆ.

“ಸ್ವಲ್ಪ ಜೋರಾಗಿ ಹೇಳು, ಮಗಳೇ,” ಎಂದೆ.