ಆಚೆ ದಡದ ಮಂಚ

ಜೈತೂನ್ ಬೀಯ ಅಣ್ಣ ಕರಾಮತ್ ಹೊಳೆ ದಾಟಿ ಆಚೆ ದೇಶ ಸೇರಿದಾಗ ಅವಳಿಗಿನ್ನೂ ಮದುವೆಯಾಗಿರಲಿಲ್ಲ. ಗಡಿಯ ಗುಂಡಿನ ಕಾಟ ತಾಳಲಾರದೆ ಅರ್ಧ ಊರೇ ಹಾಗೆ ಹೋಗಿತ್ತು. ಕಿಶನ್‌ಗಂಗೆ ಎಂಬ ಈ ಗಡಿಹೊಳೆ ಇಲ್ಲಿ ಕಲ್ಲೆಸೆದರೆ ಆಚೆ ಬೀಳುವಷ್ಟೇ ಅಗಲ. ಆದರೆ ಅದರ ಅಬ್ಬರದಲ್ಲಿ ಕೂಗಿದ್ದು ಕೇಳಿಸದು. ಹಾಗಾಗಿ ನಮ್ಮಲ್ಲಿ ಎಲ್ಲವನ್ನೂ ತೋರಿಸುವುದೇ ರೂಢಿ. ಮದುಮಗಳನ್ನು ದಡಕ್ಕೆ ಕರೆದೊಯ್ದು ತೋರಿಸುತ್ತೇವೆ, ಕೂಸನ್ನು ಎತ್ತಿ ತೋರಿಸುತ್ತೇವೆ, ಸತ್ತವರನ್ನು ಮುಖದ ಬಟ್ಟೆ ಸರಿಸಿ ತೋರಿಸುತ್ತೇವೆ.

ಜೈತೂನ್ ಅಣ್ಣನನ್ನು ದಡದಲ್ಲಿ ಕಂಡು ವರ್ಷಗಳೇ ಆಗಿದ್ದವು. ಮಗಳು ಶಾಹೀನಾಳ ಮದುವೆ ಗೊತ್ತಾದಾಗ ಆಚೆಯಿಂದ ಫೋನು ಬಂತು: ಕರಾಮತ್‌ಗೆ ಹುಷಾರಿಲ್ಲ, ಆದರೂ ಗುರುವಾರ ಮಂಚದ ಮೇಲೆ ಹೊತ್ತು ತರುತ್ತೇವೆ, ತಂಗಿಯ ಮಗಳನ್ನು ತೋರಿಸಿ. ಅಷ್ಟರಲ್ಲಿ ಆಚೆಯಿಂದ ನುಸುಳಿದ ಉಗ್ರರು ಪಕ್ಕದ ಕಣಿವೆಯಲ್ಲಿ ಸೇನೆಯ ಲಾರಿ ಸ್ಫೋಟಿಸಿದರು. ಫೋನು ಬಂದ್ ಆಯಿತು, ದಡವೂ ಬಂದ್ ಆಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಜೈತೂನ್ ಹೋಗಿ ಸೇನಾ ಚೌಕಿಯ ಸುಬೇದಾರನ ಬಾಗಿಲಲ್ಲಿ ಕೂತಳು.

"ಒಬ್ರು ಮಾತ್ರ ಹೋಗ್ಬಹುದಮ್ಮ. ನೀವೋ, ಮಗಳೋ, ನೀವೇ ಹೇಳಿ."

"ಸಾಹೇಬ್ರೇ, ನಾನೇನು ಬಂದೂಕು ಹೊತ್ಕೊಂಡು ಹೋಗ್ತೀನಾ? ನನ್ ಮೊಣಕಾಲು ನನ್ನನ್ನೇ ಹೊರಲ್ಲ."

"ಆರ್ಡರ್ ಮೇಲಿಂದ ಬಂದಿದೆ."

"ಮೇಲಿರೋನು ಒಬ್ನೇ, ಅವ್ನು ಇಂಥ ಆರ್ಡರ್ ಕೊಡಲ್ಲ," ಎಂದು ಗೊಣಗಿ, ಬಾಗಿಲು ಹಿಡಿದು ಎದ್ದು ಹೇಳಿದಳು, "ಮಗಳೇ ಹೋಗ್ಲಿ. ಅವ್ನು ನೋಡ್ಬೇಕಾಗಿರೋದು ಮದುಮಗಳ್ನ, ಈ ಮುದುಕೀನಲ್ಲ."

ಗುರುವಾರ ಶಾಹೀನಾ ಕೆಂಪು ದುಪಟ್ಟಾ ಹೊದ್ದು ದಡಕ್ಕೆ ಇಳಿದಳು. ನಾವೆಲ್ಲ ಸೇನೆಯ ತಂತಿಬೇಲಿಯ ಬಳಿ ನಿಂತೆವು. ಅಕ್ರೋಟು ಮರಗಳ ಅಡ್ಡದಿಂದ ದಡ ಕಾಣುತ್ತಿರಲಿಲ್ಲ. ತುಸು ಹೊತ್ತಿಗೆ ಹುಡುಗಿ ಏದುಸಿರು ಬಿಡುತ್ತ ಓಡಿ ಬಂದಳು.

"ಅಮ್ಮಿ, ನೀನು ಹೋಗು! ಮಂಚ ಇಳ್ಸಿ, ಮುಖದ ಬಟ್ಟೆ ಸರ್ಸಿದ್ರು."

ಜೈತೂನ್ ಬೇಲಿಗೆ ಕೈ ಹಾಕಿದಳು. ಕಾವಲಿನ ಸಿಪಾಯಿ ಅಡ್ಡ ನಿಂತು ವೈರ್‌ಲೆಸ್‌ನಲ್ಲಿ ಮೇಲಿನವರನ್ನು ಕೇಳಿದ. ಪಾಪ, ಅವನ ಕಣ್ಣೂ ತುಂಬಿತ್ತು. ಒಪ್ಪಿಗೆ ಬಂತು. ಅಷ್ಟರಲ್ಲಿ ಆಚೆಯವರು ಮಂಚ ಹೊತ್ತು ದಿಬ್ಬ ಏರಿಯಾಗಿತ್ತು. ಲಾರಿ ಸುಟ್ಟವರ ಮೇಲೂ, ಎರಡೂ ಸರ್ಕಾರಗಳ ಮೇಲೂ ನನಗೆ ಅಂದು ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಜೈತೂನ್ ಅಳಲಿಲ್ಲ. ಮನೆಗೆ ಬಂದು ಮಗಳನ್ನು ಎದುರಿಗೆ ಕೂರಿಸಿಕೊಂಡಳು.

"ಗಡ್ಡ ಬೆಳ್ಳಗಾಗಿತ್ತಾ?"

"ಪೂರ್ತಿ ಬೆಳ್ಳಗೆ."

"ಸೊರಗಿದ್ನಾ?"

"ಇಲ್ಲಮ್ಮಿ, ನಿದ್ದೆ ಮಾಡ್ದಂಗಿದ್ರು."

"ಇನ್ನೂ ಹೇಳು."

ದಿಬ್ಬಣ ಬರುವವರೆಗೂ ಅವಳು ಕೇಳುತ್ತಲೇ ಇದ್ದಳು. ನೋಡಿದ್ದೆಲ್ಲ ಹೇಳಿ ಮುಗಿದ ಮೇಲೂ ಹುಡುಗಿ ಹೇಳುತ್ತಲೇ ಇದ್ದಳು.