ಬಿಳಿಚಿದ ಬೆರಳಿಗೆ ಗ್ಲುಕೋಸ್

‘ವೀಕ್ನೆಸ್’ ಎಂಬ ಪದ ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ.

ನಮ್ಮ ಕಾಕಾ ಶಹಾಬಾದಿನ ಒಂದು ಪಾಲಿಶ್ ಕಾರ್ಖಾನೆಯಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಅಂಚು ಉಜ್ಜುತ್ತಿದ್ದರು. ಕೈಯಲ್ಲಿ ದಿನವಿಡೀ ಗಡಗಡ ನಡುಗುವ ಗ್ರೈಂಡರ್, ಮೇಲೆ ಸುರಿಯುವ ತಣ್ಣೀರು. ಹೋದ ಚಳಿಗಾಲ ಅವರ ಬೆರಳುಗಳು ಬಿಳಿಚಿಕೊಳ್ಳತೊಡಗಿದವು. ಪೂಜೆಗೆ ಕೂತು ಕಣ್ಣು ಮುಚ್ಚಿದರೆ ಇಷ್ಟಲಿಂಗ ಕೈಯಲ್ಲಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. “ನೋಡವ್ವ, ಅದನೋ ಜಾರೇದೋ?” ಎಂದು ನಗುತ್ತಾ ಕೇಳೋರು. ನನಗೆ ನಗು ಬರುತ್ತಿರಲಿಲ್ಲ.

“ನರದಾಗ ತಾಕತ್ತಿಲ್ಲ. ವೀಕ್ನೆಸ್,” ಅಂದ ಮ್ಯಾನೇಜರ್, ಗ್ಲುಕೋಸ್ ಪೊಟ್ಟಣ ಕೊಟ್ಟು ಮತ್ತೆ ಅದೇ ಮಷಿನ್ ಹಿಡಿಸಿದ.

ನಾನು ಸೇಡಂ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬಾಯಿ ಹರಿತ ಮಾಡಿಕೊಂಡವಳು, ಶರೀರಶಾಸ್ತ್ರ ಓದುವವಳು. ಕಾಕಾಗೆ ಬುತ್ತಿ ಕೊಡುವ ನೆಪದಲ್ಲಿ ಹೋಗಿ ಮ್ಯಾನೇಜರನ ಎದುರು ನಿಂತೆ.

“ಸಾಹೇಬ್ರ, ತಾಕತ್ತಿಲ್ಲ ಅಂದ್ರ ರಕ್ತನಾಳ ಸಡಿಲ ಇರಬೇಕಿತ್ತು. ಇದು ಬಿಗಿ ಹಿಡದದ. ಅದಕ್ಕೇ ಬೆರಳಿಗಿ ರಕ್ತ ಹೋಗವಲ್ದು.”

“ಅಷ್ಟೊತ್ತು ಬಿಗಿ ಹಿಡದ್ರ ದಣೀಬೇಕಲ್ಲ? ನಾ ಒಂದು ಚೀಲ ಎತ್ತಿದ್ರ ದಣೀತೀನಿ.”

“ನಿಮ್ಮ ರಟ್ಟಿ ದಣೀತದ. ರಕ್ತನಾಳದ ಸ್ನಾಯು ಬ್ಯಾರೇ ಜಾತಿ. ಒಮ್ಮೆ ಬಿಗೀತಂದ್ರ ಭಾಳ ಕಮ್ಮಿ ಇಂಧನದಾಗ ಹಂಗೇ ಹಿಡಕೊಂಡಿರ್ತದ. ಚಿಲಕ ಹಾಕಿದ ಮ್ಯಾಲ ಬಾಗಿಲಾ ಒತ್ತಿ ಹಿಡೀಬೇಕೇನು?”

ಆತ ದಡ್ಡನಲ್ಲ. ಅದೇ ನನ್ನ ಸಿಟ್ಟು ಹೆಚ್ಚಿಸಿತು.

“ಚಿಲಕ ತೆಗೀಲಿಕ್ಕೂ ಶಕ್ತಿ ಬೇಕಲ್ರಿ ಅಕ್ಕಾವ್ರೇ? ಅದಕ್ಕೇ ಗ್ಲುಕೋಸ್!”

ಸುತ್ತ ನಿಂತವರು ನಕ್ಕರು. ಆದರೆ ಮಾತು ಸುಳ್ಳಲ್ಲ. ಸ್ನಾಯು ಸಡಿಲಾಗಬೇಕಾದರೆ ಜೀವಕೋಶ ಒಳಗಿನ ಕ್ಯಾಲ್ಸಿಯಂ ಅನ್ನು ಪಂಪ್ ಮಾಡಿ ತೆಗೆಯಬೇಕು. ಅದಕ್ಕೆ ಇಂಧನ ಬೇಕೇ ಬೇಕು.

“ಬೇಕ್ರಿ. ಆ ಸಕ್ಕರಿ ಮುಂಜಾನಿ ತಿಂದ ರೊಟ್ಟಿಯಾಗೇ ಬಂದದ. ಬಿಗಿ, ಬಿಗಿ ಅಂತ ಹುಕುಂ ಕೊಡಾಕತ್ತಿದ್ದು ನಿಮ್ಮ ಮಷಿನ್ನು, ನಿಮ್ಮ ತಣ್ಣೀರು. ಅದು ನಿಲ್ಲದಿದ್ರ ಚಿಲಕ ಹ್ಯಾಂಗ ತೆಗೀತದ?”

“ಸುಮ್ಕಿರವ್ವ,” ಅಂದರು ಕಾಕಾ ಮೆಲ್ಲಗೆ. “ಕೆಲಸ ಹೋದೀತು.”

ಆಗ ಪೂರ್ತಿ ಅರ್ಥವಾಯಿತು. ವೀಕ್ನೆಸ್ ಅಂದರೆ ತಪ್ಪು ಕಾಕಾರ ಮೈಯದು. ಬಿಗಿತ ಅಂದರೆ ಕಾರ್ಖಾನೆಯದು. ಇಷ್ಟು ಅಗ್ಗದ ಪೊಟ್ಟಣದಲ್ಲಿ ಇಷ್ಟು ದೊಡ್ಡ ತಪ್ಪನ್ನು ಕಟ್ಟಿ ಕೊಟ್ಟುಬಿಡುತ್ತಾರಲ್ಲ!

ನನ್ನ ಬಾಯಿಗೆ ಹೆದರಿಯೋ, ಪೀಡೆ ತೊಲಗಲೆಂದೋ, ಆತ ಕಾಕಾರನ್ನು ಗೇಟಿನ ಕಾವಲಿಗೆ ಹಾಕಿದ. ಬರುಬರುತ್ತಾ ಬೆರಳಿಗೆ ಬಣ್ಣ ಬಂತು. “ಲಿಂಗ ಗೊತ್ತಾಗ್ತದವ್ವ,” ಅಂದರು ಒಂದು ಬೆಳಿಗ್ಗೆ. ಮನೆಯಲ್ಲಿ ಎಲ್ಲರೂ ನಾನು ಗೆದ್ದೆ ಅಂದರು.

ಅದೇ ವಾರ ಬುತ್ತಿ ಒಯ್ದಾಗ ಒಳಗೆ ಇಣುಕಿದೆ. ಗ್ರೈಂಡರ್ ಈಗ ಚಿಂಚೋಳಿ ಕಡೆಯ ಒಬ್ಬಾತನ ಕೈಯಲ್ಲಿತ್ತು. ಪಕ್ಕದ ಕಲ್ಲಿನ ಮೇಲೆ ಅದೇ ಪೊಟ್ಟಣ, ಬಾಯಿ ಹರಿದದ್ದು.

“ಬೆರಳು ತೋರಸ್ರಿ ಅಣ್ಣಾ,” ಅಂದೆ.

ಆತ ಮಷಿನ್ ನಿಲ್ಲಿಸಿ, ಕೈ ಬೆನ್ನ ಹಿಂದೆ ಮಾಡಿಕೊಂಡ.

“ಏನಿಲ್ಲರಿ,” ಅಂದ. “ವೀಕ್ನೆಸ್.”